ಗಾಜಿನ ಕಾಡಿಗೆ ಅಪ್ಪನನ್ನು ಕರೆದುಕೊಂಡು ಹೋದದ್ದು

ನಾನು ಎಸಿ ಮಾರುವವನು. ಮನೆಗೆ ಹಾಕುವ ಸಣ್ಣ ಎಸಿ ಅಲ್ಲ, ಇಡೀ ಕಟ್ಟಡವನ್ನು ತಣ್ಣಗೆ ಮಾಡುವ ಯಂತ್ರ, ಅದರ ಕೊಳವೆ, ಅದರ ಫಿಲ್ಟರ್, ಗಾಳಿಗೆ ತೇವ ಸೇರಿಸುವ ನಾಝಲ್. ಆದ್ದರಿಂದ ನಮ್ಮ ಸೆಕ್ಷನ್ನಿನ ಮುಖ್ಯಸ್ಥರು ವಾಟ್ಸಾಪ್ ಗುಂಪಿನಲ್ಲಿ "ರೈನ್‌ಫಾರೆಸ್ಟ್ ಟ್ರೆಕ್" ಎಂದು ಹಸಿರು ಅಕ್ಷರದಲ್ಲಿ ಹಾಕಿದಾಗ ನನಗೆ ನಗು ಬಂತು. ಅವರು ಹೇಳುತ್ತಿದ್ದ ಮಳೆಕಾಡು ದುಬೈನ ಒಂದು ಮಾಲ್‌ಗೆ ಅಂಟಿಕೊಂಡ ಗಾಜಿನ ಕಟ್ಟಡ. ಲಿಫ್ಟ್‌ನಲ್ಲಿ ಮೇಲೆ ಹೋಗಿ ಸುತ್ತು ಸುತ್ತಾದ ದಾರಿಯಲ್ಲಿ ನಡೆದು ಕೆಳಗೆ ಬರಬೇಕು. ಒಂದೂವರೆ ಗಂಟೆಯ ಆಟ. ಕೊನೆಯಲ್ಲಿ ಆಟಿಕೆಯ ಅಂಗಡಿ, ಅದರ ಪಕ್ಕದಲ್ಲೇ ಕಾಫಿ.

ಮುಖ್ಯಸ್ಥರು ಬೆಂಗಳೂರಿನವರು. ಶನಿವಾರ ಬಂದರೆ ಸಾಕು, ಗುಂಪು ಕಟ್ಟಿಕೊಂಡು ಎಲ್ಲಿಗಾದರೂ ಹೊರಡುವ ಚಟ ಅವರಿಗೆ. ಚಳಿಗಾಲದಲ್ಲಿ ಬೆಟ್ಟ, ಮರಳು. ಆಗಸ್ಟ್‌ನಲ್ಲಿ ಹೊರಗೆ ಕಾಲಿಟ್ಟರೆ ಚಪ್ಪಲಿಯ ಅಂಟು ಬಿಡುತ್ತದೆ, ಹಾಗಾಗಿ ಈ ಗಾಜಿನ ಕಾಡು. ಹಿಂದಿನಿಂದ ಎಲ್ಲರೂ ಅವರನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದೆವು. ಅವರಿಗೆ ಅದು ಗೊತ್ತಿತ್ತು, ಗೊತ್ತಾಗಿ ಖುಷಿಯೂ ಆಗಿತ್ತು.

ಅದಕ್ಕೊಂದು ಬ್ರೀಫಿಂಗ್ ಬೇರೆ. ಊದ್ ಮೇಥಾ ಬಡಾವಣೆಯ ಒಂದು ಹಾಲ್‌ನಲ್ಲಿ ಹದಿನೆಂಟು ಜನರನ್ನು ಕೂರಿಸಿ ಗೋಡೆಯ ಮೇಲೆ ಸ್ಲೈಡ್ ಹಾಕಿದರು. ಟ್ರೆಕ್‌ನ ಕಷ್ಟದ ಮಟ್ಟ: ಮಾಡರೇಟ್. ತರಬೇಕಾದದ್ದು: ಹಿಡಿತವಿರುವ ಶೂ, ಎರಡು ಜೊತೆ ಸಾಕ್ಸ್, ರೇನ್ ಜಾಕೆಟ್. ಹಿಂದಿನ ಸಾಲಿನಲ್ಲಿದ್ದ ಒಬ್ಬರು ಕೈಯೆತ್ತಿ ಅಲ್ಲಿ ಇಂಬಳ ಕಚ್ಚುತ್ತದೆಯೇ ಎಂದು ಕೇಳಿದರು. ಕ್ಯಾಪ್ಟನ್ ಗಂಭೀರವಾಗಿ "ಚಾನ್ಸ್ ಕಡಿಮೆ" ಎಂದರು. ದೊಡ್ಡ ದೊಡ್ಡ ಡಿಗ್ರಿ ಇಟ್ಟುಕೊಂಡ ಜನ ಅದನ್ನು ಫೋನಿನಲ್ಲಿ ಬರೆದುಕೊಂಡರು. ನಾನು ಕೆನ್ನೆಯ ಒಳಭಾಗ ಕಚ್ಚಿಕೊಂಡು ಕೂತಿದ್ದೆ.

ಹೋಗುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ. ಹೆಸರು ಕೊಟ್ಟದ್ದು ಅಪ್ಪನ ಸಲುವಾಗಿ.

ಅಪ್ಪ ವಿಸಿಟ್ ವೀಸಾದಲ್ಲಿ ಬಂದು ಮಿರ್ದಿಫ್‌ನ ನಮ್ಮ ಫ್ಲ್ಯಾಟ್‌ನಲ್ಲಿದ್ದರು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಅವರು ಚಾರ್ಮಾಡಿ ಕಡೆಯ ಕಾಡಿನಲ್ಲಿ ಫಾರೆಸ್ಟ್ ವಾಚರ್ ಆಗಿದ್ದವರು. ತಿಂಗಳಲ್ಲಿ ಇಪ್ಪತ್ತು ದಿನ ಕಾಡಿನ ಕ್ಯಾಂಪಿನಲ್ಲಿ, ಉಳಿದ ದಿನ ಮನೆಯಲ್ಲಿ ನಿದ್ದೆ. ನಾನು ದೊಡ್ಡವನಾಗುವವರೆಗೆ ಅಪ್ಪ ಎಂದರೆ ಬಾಗಿಲ ಹಿಂದೆ ನೇತಾಡುವ ಖಾಕಿ ಅಂಗಿ ಮತ್ತು ಬೀಡಿಯ ವಾಸನೆ. ನಿವೃತ್ತರಾದ ಮೇಲೆ ಊರಿನಲ್ಲಿ ಅವರು ಇರುವುದು ಅಕ್ಕನ ಮನೆಯಲ್ಲಿ, ಮೊಮ್ಮಕ್ಕಳ ಗಲಾಟೆಯ ಮಧ್ಯೆ. ಇಲ್ಲಿಗೆ ಬಂದು ಏಳು ವಾರ ಆಗಿತ್ತು. ವೀಸಾ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಇನ್ನೊಂದು ತಿಂಗಳು ಮುಂದುವರಿಸೋಣ ಎಂದು ನಾನೂ ಹೆಂಡತಿಯೂ ಕೇಳುತ್ತಲೇ ಇದ್ದೆವು. ಅವರು "ನೋಡುವ" ಎನ್ನುತ್ತಿದ್ದರು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ವಿಮಾನ ಇಳಿಯುವುದನ್ನು ನೋಡುತ್ತಾ ಕೂರುವುದು ಬಿಟ್ಟರೆ ಅವರಿಗೆ ಈ ಊರಿನಲ್ಲಿ ಬೇರೆ ಕೆಲಸ ಇರಲಿಲ್ಲ.

ನನಗೆ ಅಪ್ಪ ಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಒಂದು ದಿನವಾದರೂ ಅವರು ಇಲ್ಲಿ ಮನಸಾರೆ ನಕ್ಕರೆ ಉಳಿದುಬಿಡುತ್ತಾರೆ ಎಂದು ನನ್ನ ಲೆಕ್ಕಾಚಾರ. ನಗಿಸಲು ಈ ಟ್ರೆಕ್‌ಗಿಂತ ಒಳ್ಳೆಯ ವಸ್ತು ಬೇರೆ ಯಾವುದಿದೆ? ನಿಜವಾದ ಕಾಡಿನ ಮನುಷ್ಯನನ್ನು ಸಿಮೆಂಟಿನ ಕಾಡಿಗೆ ಕರೆದೊಯ್ಯುವುದು, ಇಬ್ಬರೂ ಮೂಲೆಯಲ್ಲಿ ನಿಂತು ಈ ಜನರನ್ನು ಆಡಿಕೊಂಡು ನಗುವುದು. ಅಷ್ಟೇ ನನ್ನ ಯೋಜನೆ.

ಮನೆಯಲ್ಲಿ ನಮ್ಮದು ತುಳು. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಕಾಡಿನ ಟ್ರಿಪ್ ಎಂದಾಗ ಅಪ್ಪ ಕುರ್ಚಿಯಿಂದ ಎದ್ದೇ ಬಿಟ್ಟರು.

"ಇಲ್ಲಿ ಕಾಡು ಉಂಟಾ?"

"ಉಂಟು. ಬಂದು ನೋಡಿ ಎಂತಾದ್ದು ಅಂತ" ಎಂದೆ.

ಶನಿವಾರ ಬೆಳಿಗ್ಗೆ ಬಾಡಿಗೆ ಬಸ್ಸು ಮಿರ್ದಿಫ್‌ಗೆ ಬಂತು. ಹೆಂಡತಿಗೆ ಕ್ಲಿನಿಕ್‌ನಲ್ಲಿ ಡ್ಯೂಟಿ ಇತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಊರಿನಿಂದ ತಂದಿದ್ದ ಕ್ಯಾನ್ವಾಸ್ ಬೂಟು ಹಾಕಿ ಅರ್ಧ ಗಂಟೆ ಮೊದಲೇ ಕೆಳಗೆ ನಿಂತಿದ್ದರು. ಬಸ್ಸಿನೊಳಗೆ ಹದಿನೆಂಟು ಜನವೂ ಹಿಮಾಲಯಕ್ಕೆ ಹೊರಟ ವೇಷದಲ್ಲಿದ್ದರು. ಜೇಬುಗಳೇ ತುಂಬಿದ ಪ್ಯಾಂಟು, ಗಲ್ಲಕ್ಕೆ ದಾರ ಕಟ್ಟಿದ ಟೋಪಿ, ಕೈಯಲ್ಲಿ ಮಡಚುವ ಕೋಲು. ಒಬ್ಬರ ಬೆನ್ನಿನ ಚೀಲದಿಂದ ನೀರು ಹೀರುವ ನಳಿಕೆ ಬಾಯಿಯ ಹತ್ತಿರಕ್ಕೇ ಬಂದಿತ್ತು. ಮಾಲ್‌ನಲ್ಲಿ ಹತ್ತು ಹೆಜ್ಜೆಗೊಂದು ಜ್ಯೂಸ್ ಅಂಗಡಿ ಇದೆ ಮಾರಾಯರೇ ಎಂದು ಹೇಳುವ ಆಸೆಯಾಯಿತು. ಹೇಳಲಿಲ್ಲ. ಕ್ಯಾಪ್ಟನ್ ಎದುರಿನ ಸೀಟಿನಲ್ಲೇ ಇದ್ದರು.

ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಅಬುಧಾಬಿ ಬ್ರಾಂಚಿನ ಒಬ್ಬ ಹೆಂಗಸಿನ ಮೇಲೆ. ಮೈಸೂರು ಕಡೆಯವರು, ಬನಿಯಾಸ್‌ನಲ್ಲಿ ಮನೆ. ಈ ಆಟಕ್ಕಾಗಿ ಬೆಳಿಗ್ಗೆ ಎದ್ದು ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬಂದಿದ್ದರು. ತೊಡೆಯ ಮೇಲೆ ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರ್. ಒಳಗೆ ಊಟ ಬಿಡುವುದಿಲ್ಲ ಎಂದು ಬ್ರೀಫಿಂಗ್‌ನಲ್ಲಿ ಮೂರು ಸಲ ಹೇಳಿದ್ದರೂ ಪುಳಿಯೋಗರೆ ಕಲಸಿ ತಂದಿದ್ದರು. ಬಸ್ಸೆಲ್ಲ ಇಂಗು, ಹುಣಸೆ. ಅಪ್ಪನನ್ನು ನೋಡಿದ ಕೂಡಲೇ "ಬನ್ನಿ ಅಪ್ಪಾಜಿ, ಕಿಟಕಿ ಪಕ್ಕ ಕೂತ್ಕೊಳ್ಳಿ" ಎಂದು ಜಾಗ ಬಿಟ್ಟುಕೊಟ್ಟರು. ಗುರುತು ಪರಿಚಯ ಇಲ್ಲದವರನ್ನೆಲ್ಲ ಅಪ್ಪಾಜಿ, ಅಮ್ಮಾಜಿ ಎನ್ನುವ ಈ ಅತಿ ಸಲಿಗೆ ನನಗೆ ಆಗಿಬರುವುದಿಲ್ಲ.

ದಾರಿಯುದ್ದಕ್ಕೂ ಅಪ್ಪ ಅವರಿಗೆ ಕಾಡಿನ ಕತೆ ಹೇಳಿದರು. ನಾನು ಹಿಂದಿನ ಸೀಟಿನಿಂದ ಕೇಳುತ್ತಿದ್ದೆ. ಅರೆಬರೆ ಕನ್ನಡ, ಮಧ್ಯೆ ತುಳು. ಮರಗಳ್ಳರ ಕತೆ ನನಗೆ ಬಾಯಿಪಾಠ. ಇಬ್ಬರನ್ನು ಹಿಡಿದರೆ ಅಪ್ಪ ಬೇರೆ ಬೇರೆ ನಿಲ್ಲಿಸಿ ಕೇಳುವ ಮೊದಲ ಪ್ರಶ್ನೆ, "ಅವ ನಿನ್ನ ಜೊತೆಯವನಾ?" ಮೊದಲ ಉತ್ತರ ಯಾವಾಗಲೂ ಅಲ್ಲ ಎಂದೇ.

"ಒಂದು ಸಲ ಒಬ್ಬ ಸ್ವಂತ ಅಣ್ಣನನ್ನೇ ಯಾರೋ ಗೊತ್ತಿಲ್ಲ ಅಂದುಬಿಟ್ಟ" ಎಂದು ಅಪ್ಪ ನಕ್ಕರು. "ಮುಖ ನೋಡಿದರೆ ಎರಡೂ ಒಂದೇ ಅಚ್ಚು."

ಆ ಹೆಂಗಸೂ ಬಸ್ಸು ಅದುರುವಂತೆ ನಕ್ಕರು.

ಒಳಗೆ ಹೋಗುವಾಗ ಕನ್ನಡಕಕ್ಕೆ ಮಂಜು ಹಿಡಿಯಿತು. ಎಲ್ಲರೂ "ವಾವ್" ಎಂದರು. ನಾನು ತಲೆಯೆತ್ತಿ ನೋಡಿದೆ. ಮಂಜು ಉಗುಳುವ ನಾಝಲ್‌ಗಳ ಸಾಲು ಬಳ್ಳಿಯ ಮರೆಯಲ್ಲಿ ಸರಿಯಾಗಿ ಕಾಣುತ್ತಿತ್ತು, ಅದರ ಹಿಂದೆ ಹಸಿರು ಬಣ್ಣ ಬಳಿದ ಗಾಳಿಯ ಕೊಳವೆ. ಯಾವ ಕಂಪನಿಯ ಮಾಲು ಎಂದೂ ಹೇಳಬಲ್ಲೆ. ಲಿಫ್ಟ್ ಹತ್ತಿ ಮೇಲೆ ಹೋದೆವು. ಟ್ರೆಕ್ಕಿಂಗ್ ಕೋಲುಗಳು ಲಿಫ್ಟಿನ ಬಾಗಿಲಿಗೆ ಸಿಕ್ಕಿ ಎರಡು ಸಲ ಬಾಗಿಲು ತೆರೆದುಕೊಂಡಿತು. ಮೇಲೆ ಒಂದು ಬೋರ್ಡು: ಮಳೆ ಹನ್ನೊಂದಕ್ಕೆ ಮತ್ತು ಮೂರಕ್ಕೆ.

"ಟೈಮಿಗೆ ಸರಿಯಾಗಿ ಬರುವ ಮಳೆ ಅಪ್ಪ" ಎಂದು ಅವರ ಕಿವಿಯಲ್ಲಿ ಹೇಳಿದೆ. ಅವರು ನಗಲಿಲ್ಲ.

ಅವರು ದಾರಿಯ ಮಧ್ಯದಲ್ಲಿ ನಿಂತ ದೊಡ್ಡ ಮರವನ್ನು ನೋಡುತ್ತಿದ್ದರು. ನಾಲ್ಕು ಮಹಡಿ ಎತ್ತರದ ಮರ. ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಟೊಳ್ಳು ಶಬ್ದ ಬಂತು. ಈಗ ಬಿದ್ದು ಬಿದ್ದು ನಗುತ್ತಾರೆ ಎಂದು ನಾನು ಕಾದೆ.

"ಸಿಮೆಂಟ್" ಎಂದರು.

"ಮತ್ತೆ? ಎಲ್ಲ ಸುಳ್ಳೇ. ಇವರಿಗೆ ಇದೇ ದೊಡ್ಡ ಕಾಡು."

ಅಪ್ಪ ಮೇಲೆ ನೋಡಿದರು. ಸಿಮೆಂಟಿನ ಕೊಂಬೆಯ ಮೇಲೆ ದೊಡ್ಡ ಕೊಕ್ಕಿನ ಒಂದು ಹಕ್ಕಿ ಕೂತಿತ್ತು, ನಮ್ಮ ಕಡೆಯ ಮಂಗಟ್ಟೆ ಹಕ್ಕಿಯ ದಾಯಾದಿಯೆಂದು ಬೇಕಾದರೆ ಹೇಳಬಹುದು. ಅದು ಕುತ್ತಿಗೆ ಓರೆ ಮಾಡಿ ಅವರನ್ನೇ ನೋಡಿತು.

"ಮರ ಸುಳ್ಳು ಮಗ. ಹಕ್ಕಿ ಸುಳ್ಳಲ್ಲ ಅಲ್ವಾ" ಎಂದರು.

ಆಮೇಲೆ ಅವರು ಮಾಡಿದ್ದನ್ನು ನಾನು ಮೊದಲೇ ಊಹಿಸಬೇಕಿತ್ತು. ನಮ್ಮ ಕಡೆ ಕಾಡಿನ ದಾರಿ ಶುರುವಾಗುವಲ್ಲಿ ಒಂದು ಕಲ್ಲು ಇರುತ್ತದೆ. ಒಳಗೆ ಹೋಗುವವರು ಪಕ್ಕದ ಗಿಡದಿಂದ ಒಂದು ಚಿಗುರು ಚಿವುಟಿ ಅದರ ಮೇಲಿಟ್ಟು ಕೈಮುಗಿದು ಹೋಗಬೇಕು. ನಾವು ಬಂದಿದ್ದೇವೆ, ನೋಡಿಕೊಳ್ಳಿ ಎಂದು ಕಾಡಿಗೆ ಹೇಳುವುದು, ಅಷ್ಟೇ ಅದರ ಅರ್ಥ. ಸೌದೆಗೆ ಹೋಗುವ ಹೆಂಗಸರೂ ಇಡುತ್ತಾರೆ, ಸರ್ವೆಗೆ ಬರುವ ಅಧಿಕಾರಿಗಳ ಕೈಯಲ್ಲೂ ಅಪ್ಪ ಇಡಿಸಿದ್ದಾರೆ. ಇಲ್ಲಿಯೂ ದಾರಿಯ ಬದಿಗೆ ಅಲಂಕಾರಕ್ಕೊಂದು ಕಲ್ಲು ಇತ್ತು. ಅಪ್ಪ ಬೂಟು ಕಳಚಿ ಬದಿಗಿಟ್ಟರು. ಕಂಬಿಯಾಚೆ ಕೈಚಾಚಿ ಕುಂಡದ ಗಿಡವೊಂದರ ಕುಡಿಯನ್ನು ಉಗುರಿನಿಂದ ಚಿವುಟಿ ಕಲ್ಲಿನ ಮೇಲೆ ಇಟ್ಟರು. ಕೈಮುಗಿದು ಕಣ್ಣು ಮುಚ್ಚಿದರು.

ಶೀಟಿ ಕೇಳಿಸಿತು. ಪ್ರಾಣಿಗಳನ್ನು ನೋಡಿಕೊಳ್ಳುವ ಫಿಲಿಪಿನೋ ಹುಡುಗಿಯೊಬ್ಬಳು, ರಬ್ಬರ್ ಬೂಟು, ಸೊಂಟದಲ್ಲಿ ವಾಕಿಟಾಕಿ, ಓಡಿಬಂದಳು. ಕಲ್ಲಿನ ಮೇಲಿನ ಚಿಗುರನ್ನು ಎತ್ತಿಕೊಂಡು, ಇದು ಎಲ್ಲೂ ಸಿಗದ ಗಿಡ, ದಯವಿಟ್ಟು ಮುಟ್ಟಬೇಡಿ, ಬರಿಗಾಲಿನಲ್ಲಿ ಇರುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಸಿಟ್ಟು ಮಾಡಲಿಲ್ಲ. ಟೋಪಿ ಹಾಕಿದ ನಮ್ಮ ಹದಿನೆಂಟು ಜನರೂ ತಿರುಗಿ ನೋಡಿದರು. ಬೇರೆ ಪ್ರವಾಸಿಗಳೂ ನಿಂತರು, ಒಬ್ಬ ಫೋನ್ ಎತ್ತಿದ. ಅವರೆಲ್ಲರ ನಡುವೆ ಬರಿಗಾಲಿನಲ್ಲಿ ಕೈಮುಗಿದು ನಿಂತ ಅಪ್ಪ.

ಕ್ಯಾಪ್ಟನ್ ಮುಖ ಸಿಂಡರಿಸಿಕೊಂಡು ಬಂದರು. "ಏನ್ ಅಂಕಲ್ ಇದು, ಇಷ್ಟು ಹೇಳಿದ್ರೂ" ಎಂದು ಶುರುಮಾಡಿ ನನ್ನ ಕಡೆ ನೋಡಿದರು. ಆ ಹುಡುಗಿಯೂ ನನ್ನ ಕಡೆ ತಿರುಗಿದಳು. ಅಪ್ಪನಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವನು ನಾನೇ.

"ಸರ್, ಈಸ್ ಹಿ ವಿತ್ ಯೂ?"

"ನೋ" ಎಂದೆ. "ಹೀ ಕೇಮ್ ವಿತ್ ದ ಗ್ರೂಪ್."

ಯೋಚಿಸಿ ಹೇಳಿದ್ದಲ್ಲ. ಕಾಲು ಜಾರಿದಾಗ ಕೈ ತಾನೇ ಕಂಬಿ ಹಿಡಿಯುತ್ತದಲ್ಲ, ಹಾಗೆ ಬಂತು. ಹಾಗೆಂದು ನನ್ನನ್ನು ನಾನು ಕ್ಷಮಿಸಲಾರೆ. ಇದು ನನಗೆ ಹೊಸದೂ ಅಲ್ಲ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಅಪ್ಪ ಕ್ಯಾಂಪಿನಿಂದ ನೇರವಾಗಿ, ಮಣ್ಣು ಮೆತ್ತಿದ ಖಾಕಿಯಲ್ಲಿ ನನ್ನನ್ನು ನೋಡಲು ಶಾಲೆಗೆ ಬಂದಿದ್ದರು. ಗೇಟಿನ ಹತ್ತಿರ ಯಾರು ಎಂದು ಗೆಳೆಯರು ಕೇಳಿದ್ದಕ್ಕೆ ನಮ್ಮ ಊರಿನವರು ಎಂದಿದ್ದೆ. ಅಪ್ಪನಿಗೆ ಅದು ಕೇಳಿಸಿರಲಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ.

ಇದು ಕೇಳಿಸಿತು. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ನೋ ಎಂಬುದು ಯಾರಿಗೆ ಗೊತ್ತಿಲ್ಲ? ಅವರು ಕಣ್ಣು ತೆರೆದು ಒಂದೇ ಒಂದು ಸಲ ನನ್ನ ಮುಖ ನೋಡಿ, ಬೂಟಿಗೆ ಕಾಲು ತೂರಿಸಲು ಬಗ್ಗಿದರು.

ಅಷ್ಟರಲ್ಲಿ ಬನಿಯಾಸ್‌ನ ಆ ಹೆಂಗಸು ಜನರನ್ನು ಸರಿಸಿಕೊಂಡು ಬಂದು ಅಪ್ಪನ ತೋಳು ಹಿಡಿದರು. "ಹೀ ಈಸ್ ವಿತ್ ಮಿ. ಮೈ ಫ್ಯಾಮಿಲಿ. ಸಾರಿ, ವೆರಿ ಸಾರಿ" ಎಂದು ಹುಡುಗಿಗೆ ಹೇಳಿ, ಕ್ಯಾಪ್ಟನ್‌ಗೆ, "ಸಾರ್, ಅವರು ನಮಸ್ಕಾರ ಮಾಡಿದ್ದು. ಅದರಲ್ಲೇನಿದೆ? ನಡೀರಿ ಮುಂದೆ" ಎಂದರು. ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಅಪ್ಪ ಆ ಹುಡುಗಿಗೆ ಕೈಮುಗಿದರು. ಅವಳು ಗಲಿಬಿಲಿಗೊಂಡು ತಾನೂ ಕೈಮುಗಿದಳು. ಚಿಗುರು ಅವಳ ಬೆರಳುಗಳ ನಡುವೆ ಇತ್ತು.

ಉಳಿದ ಟ್ರೆಕ್ಕನ್ನು ನಾನು ಅವರಿಬ್ಬರ ಹಿಂದೆ ಹತ್ತು ಹೆಜ್ಜೆ ಬಿಟ್ಟು ಮಾಡಿದೆ. ಮಾಡರೇಟ್ ಟ್ರೆಕ್. ತಲೆಕೆಳಗಾಗಿ ನೇತಾಡುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಕೆಳಗೆ ಅಪ್ಪ ಹತ್ತು ನಿಮಿಷ ನಿಂತರು. ಅದು ಎಷ್ಟು ಹೊತ್ತಿಗೆ ಕಣ್ಣು ಮಿಟುಕಿಸುತ್ತದೆ ಎಂದು ಇಬ್ಬರೂ ಸೇರಿ ಎಣಿಸಿದರು. ಹನ್ನೊಂದಕ್ಕೆ ಮಳೆ ಬಂತು, ನಾಝಲ್‌ಗಳು ಒಟ್ಟಿಗೆ ಉಸ್ ಎಂದವು. ಎಲ್ಲರೂ ಜಾಕೆಟ್ ಹಾಕಿಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ ಅಪ್ಪ ಅಂಗೈ ಚಾಚಿ ಹನಿ ಹಿಡಿದು ಆ ಹೆಂಗಸಿಗೆ ಏನೋ ಹೇಳಿದರು. ಅವರೂ ಕೈ ಚಾಚಿದರು. ಏನು ಹೇಳಿದರೆಂದು ನನಗೆ ಕೇಳಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಕೆಳಗಿನ ಕೊಳದಲ್ಲಿ ಆಳುದ್ದದ ಮೀನು ತೇಲುತ್ತಿತ್ತು. ಅದನ್ನು ನೋಡಿ ಅಪ್ಪ ಮನಸಾರೆ ನಕ್ಕರು. ನಾನು ಏಳು ವಾರದಿಂದ ಕಾಯುತ್ತಿದ್ದ ನಗು ಅದು. ಹತ್ತು ಹೆಜ್ಜೆ ಹಿಂದಿನಿಂದ ನೋಡಿದೆ.

ಪಾರ್ಕಿಂಗ್‌ನಲ್ಲಿ ನಿಂತ ಬಸ್ಸಿನೊಳಗೆ ಪುಳಿಯೋಗರೆ ಹಂಚಿಕೆಯಾಯಿತು. ಮೂಗು ಮುರಿದಿದ್ದವರೆಲ್ಲ ಎರಡೆರಡು ಸಲ ಹಾಕಿಸಿಕೊಂಡರು. ನನಗೂ ಒಂದು ತಟ್ಟೆ ಬಂತು. ರುಚಿಯಾಗಿತ್ತು. ಎರಡನೇ ಸಲ ಹಾಕಲು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದೆ.

ಮನೆಗೆ ಬಂದ ಮೇಲೆ ಅಪ್ಪ ಬಾಲ್ಕನಿಯಲ್ಲಿ ಕೂತರು. ನಾನು ಚಹಾ ಮಾಡಿ ಕೊಟ್ಟು ಪಕ್ಕದಲ್ಲಿ ನಿಂತೆ.

"ಆ ಕುಡಿ ನಾನು ಮುರಿಯಬಾರದಿತ್ತು" ಎಂದು ಅವರೇ ಶುರುಮಾಡಿದರು. "ಪಾಪ, ಅವಳ ಕೆಲಸ ಅವಳು ಮಾಡಿದಳು. ನಮ್ಮಲ್ಲಿ ಯಾರಾದರೂ ಗಿಡಕ್ಕೆ ಕೈ ಹಾಕಿದ್ದರೆ ನಾನು ಬಿಡ್ತಿದ್ದೆನಾ?"

"ಅಪ್ಪ, ಅಲ್ಲಿ ನಾನು ಹೇಳಿದ್ದು..."

"ಚಹಾ ತಣ್ಣಗಾಗ್ತದೆ, ನೀನೂ ಕುಡಿ" ಎಂದರು.

ಲೋಟ ಖಾಲಿಯಾದ ಮೇಲೆ ವೀಸಾದ ವಿಷಯ ತೆಗೆದೆ. ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರ್‌ಗೆ ನಾಳೆಯೇ ಹೋಗಿ ಬರುತ್ತೇನೆ, ಇನ್ನೊಂದು ತಿಂಗಳು ಇರಿ ಎಂದೆ. ಇಷ್ಟು ದಿನ "ನೋಡುವ" ಎನ್ನುತ್ತಿದ್ದವರು ಈ ಸಲ ಹಾಗೆನ್ನಲಿಲ್ಲ.

"ಬೇಡ ಮಗ. ಸಾಕು."

ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಜಗಳವಾಡಿ ಉಳಿಸಿಕೊಳ್ಳಬಹುದಿತ್ತು. ಒಂದು ವಿಮಾನ ಇಳಿಯಿತು. ಅದು ಪೂರ್ತಿ ಇಳಿಯುವವರೆಗೆ ಅವರು ನೋಡಿದರು.

ಮುಂದಿನ ಹತ್ತು ದಿನ ಆಫೀಸಿನಲ್ಲಿ ಆ ಟ್ರೆಕ್‌ನ ಫೋಟೋಗಳು ಓಡಾಡಿದವು. ಕ್ಯಾಪ್ಟನ್ ಎಲ್ಲರಿಗೂ ಒಂದೊಂದು ಸರ್ಟಿಫಿಕೇಟ್ ಅಚ್ಚು ಹಾಕಿಸಿ ಕೊಟ್ಟರು. ನನ್ನದೂ ಇದೆ, ಮಳೆಕಾಡು ಚಾರಣ ಯಶಸ್ವಿಯಾಗಿ ಮುಗಿಸಿದ್ದಕ್ಕೆ. ಇವರೆಲ್ಲ ಮೂರ್ಖರು ಎಂದು ಈಗಲೂ ನನ್ನ ಅಭಿಪ್ರಾಯ. ಕೋಲು ಹಿಡಿದು ಲಿಫ್ಟ್ ಹತ್ತಿದವರನ್ನು ಬೇರೆ ಏನೆಂದು ಕರೆಯಬೇಕು? ಆದರೆ ಆ ಮೂರ್ಖರಲ್ಲಿ ಯಾರೂ ಅಲ್ಲಿ ಅಪ್ಪನನ್ನು ಬಿಟ್ಟುಕೊಡಲಿಲ್ಲ. ಆ ಕೆಲಸಕ್ಕೆ ಬುದ್ಧಿವಂತನೊಬ್ಬ ಬೇಕಾಯಿತು.

ಹೊರಡುವ ದಿನ ಬೆಳಿಗ್ಗೆ ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಮಂಗಳೂರಿನ ವಿಮಾನದ ಸಾಲು ಹಾವಿನ ಹಾಗೆ ಸುತ್ತಿತ್ತು. ಹಗ್ಗಕಟ್ಟಿ ಸುತ್ತು ಸುತ್ತು ಮಾಡಿದ ಆ ದಾರಿಯ ಬಾಯಲ್ಲಿ ಸಮವಸ್ತ್ರ ತೊಟ್ಟ ಒಬ್ಬ ನಿಂತು ಟಿಕೆಟ್ ಇದ್ದವರನ್ನು ಮಾತ್ರ ಒಳಗೆ ಬಿಡುತ್ತಿದ್ದ. ಅಪ್ಪನ ಪಾಸ್‌ಪೋರ್ಟ್ ನನ್ನ ಕೈಯಲ್ಲಿತ್ತು, ಅವರ ಹೆಗಲ ಚೀಲವೂ. ಅವನು ನನ್ನ ಎದೆಗೆ ಅಡ್ಡ ಕೈಯಿಟ್ಟು ನಿಲ್ಲಿಸಿ, ನನ್ನನ್ನು ಬಿಟ್ಟು ಅಪ್ಪನನ್ನು ಕೇಳಿದ.

"ಯೇ ಆಪ್ ಕೇ ಸಾಥ್ ಹೈ?"

ಅಪ್ಪನ ಹಿಂದಿ ಅಷ್ಟಕ್ಕಷ್ಟೇ. ಪ್ರಶ್ನೆ ಮಾತ್ರ ಅವರಿಗೆ ಚೆನ್ನಾಗಿ ಅರ್ಥವಾಯಿತು. ಜೀವಮಾನವೆಲ್ಲ ಕೇಳಿದ ಪ್ರಶ್ನೆ ಅದು. ನಾನು ನೆಲ ನೋಡಿದೆ.

"ಹಾಂ" ಎಂದರು ಅಪ್ಪ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಮೇರಾ ಲಡ್ಕಾ ಹೈ."

ಅವನು ಹಗ್ಗ ಸರಿಸಿ ನನಗೂ ದಾರಿ ಬಿಟ್ಟ.